ಮೊಡವೆ ಕೊಳೆಯಿಂದ ಬರುವುದಲ್ಲ: ಚರ್ಮದೊಳಗೆ ಏನಾಗ್ತದೆ, ಬಿಳುಪಿನ ಕ್ರೀಮ್ ಹೇಗೆ ಕೆಡಿಸ್ತದೆ?

ಹದಿನಾಲ್ಕು ಹದಿನೈದು ವರ್ಷದ ಮಕ್ಕಳ ಮುಖದಲ್ಲಿ ಮೊಡವೆ ಕಾಣಿಸಿಕೊಂಡ ಕೂಡಲೇ ಮನೆಯಲ್ಲಿ ನಾಲ್ಕು ಮಂದಿ ನಾಲ್ಕು ಕಾರಣ ಹೇಳ್ತಾರೆ. ಮುಖ ಸರಿ ತೊಳೆಯುವುದಿಲ್ಲ ಅಂತ ಒಬ್ಬರು. ಬಿರಿಯಾನಿ, ಕರಿದ ತಿಂಡಿ ಜಾಸ್ತಿ ಆಯ್ತು ಅಂತ ಇನ್ನೊಬ್ಬರು. ರಾತ್ರಿಯಿಡೀ ಮೊಬೈಲ್ ನೋಡಿದ್ದಕ್ಕೆ ಅಂತ ಮತ್ತೊಬ್ಬರು. ರಕ್ತ ಕೆಟ್ಟಿದೆ ಅಂತ ಮನೆಯ ಹಿರಿಯರು. ಅಷ್ಟರಲ್ಲಿ ಯಾರೋ ಸಂಬಂಧಿಕರು ಗಲ್ಫಿನಿಂದ ಬಂದ ಒಂದು ಡಬ್ಬಿ ತಂದು ಕೊಡ್ತಾರೆ. 'ಇದನ್ನು ರಾತ್ರಿ ಹಚ್ಚು, ಒಂದೇ ವಾರದಲ್ಲಿ ಮುಖ ಕ್ಲಿಯರ್ ಆಗ್ತದೆ' ಅಂತ ಭರವಸೆಯನ್ನೂ ಕೊಡ್ತಾರೆ.

ಕ್ಲಿಯರ್ ಆಗುವುದೂ ಹೌದು. ಕಷ್ಟ ಶುರುವಾಗುವುದು ಅಲ್ಲಿಂದಲೇ.

ಮಂಜೇಶ್ವರ, ಉಪ್ಪಳ, ಕಾಸರಗೋಡಿನಿಂದ ಹಿಡಿದು ಉಳ್ಳಾಲ, ಮಂಗಳೂರಿನವರೆಗೆ ಗಲ್ಫ್ ನಂಟಿಲ್ಲದ ಬ್ಯಾರಿ ಮನೆ ಅಪರೂಪ. ಸೂಟ್‌ಕೇಸಿನಲ್ಲಿ ಅತ್ತರು, ಖರ್ಜೂರದ ಜೊತೆ ಮುಖದ ಕ್ರೀಮೂ ಬರ್ತದೆ. ಹಾಗಾಗಿ ಮೊಡವೆ ಅಂದರೇನು, ಅದು ಚರ್ಮದೊಳಗೆ ಹೇಗೆ ಹುಟ್ಟುತ್ತದೆ, ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ ಎಂಬುದನ್ನು ನಮ್ಮ ಹುಡುಗ ಹುಡುಗಿಯರೂ ಅವರ ತಂದೆ ತಾಯಿಯರೂ ತಿಳಿದಿರುವುದು ಒಳ್ಳೆಯದು.

ರಂಧ್ರದ ಒಳಗೆ ಏನುಂಟು?

ನಮ್ಮ ಚರ್ಮದಲ್ಲಿ ಕೂದಲು ಹುಟ್ಟುವ ಸಣ್ಣ ಸಣ್ಣ ಕೊಳವೆಗಳಿವೆ. ಪ್ರತಿಯೊಂದು ಕೊಳವೆಗೂ ಒಂದು ಎಣ್ಣೆ ಗ್ರಂಥಿ ಅಂಟಿಕೊಂಡಿರುತ್ತದೆ. ಅದು ತಯಾರಿಸುವ ಜಿಡ್ಡಿಗೆ ಸೀಬಮ್ ಎಂದು ಹೆಸರು. ಈ ಜಿಡ್ಡು ಕೊಳವೆಯ ಮೂಲಕ ಮೇಲೆ ಬಂದು ಚರ್ಮದ ಮೇಲೆ ಹರಡಿಕೊಳ್ಳುತ್ತದೆ, ಚರ್ಮ ಒಣಗದಂತೆ ಕಾಪಾಡುತ್ತದೆ. ಅಂದರೆ ಎಣ್ಣೆ ಚರ್ಮದ ಶತ್ರು ಅಲ್ಲ, ಅದು ಅಲ್ಲಾಹನು ಶರೀರಕ್ಕೆ ಕೊಟ್ಟ ಒಂದು ವ್ಯವಸ್ಥೆ.

ಈ ಗ್ರಂಥಿಗಳು ಎಲ್ಲ ಕಡೆ ಒಂದೇ ಲೆಕ್ಕದಲ್ಲಿ ಇಲ್ಲ. ಅಂಗೈ ಅಂಗಾಲಿನಲ್ಲಿ ಒಂದೂ ಇಲ್ಲ. ಮುಖದಲ್ಲಿ ಒಂದು ಚದರ ಸೆಂಟಿಮೀಟರ್ ಜಾಗದಲ್ಲಿ 400ರಿಂದ 900ರವರೆಗೆ ಇರುತ್ತವೆ. ಎದೆಯ ಮೇಲ್ಭಾಗ ಮತ್ತು ಬೆನ್ನಿನಲ್ಲೂ ದೊಡ್ಡ ಗ್ರಂಥಿಗಳು ಉಂಟು. ಮೊಡವೆ ಮುಖ, ಎದೆ, ಬೆನ್ನಿನಲ್ಲೇ ಹೆಚ್ಚಾಗಿ ಏಳುವುದು ಅದಕ್ಕೇ.

ಮೊಡವೆ ಹುಟ್ಟುವ ನಾಲ್ಕು ಕೆಲಸ

ಒಂದು ಮೊಡವೆ ಹುಟ್ಟಲು ಚರ್ಮದೊಳಗೆ ನಾಲ್ಕು ಕೆಲಸಗಳು ನಡೆಯುತ್ತವೆ.

ಮೊದಲನೆಯದು, ಎಣ್ಣೆ ಹೆಚ್ಚಾಗುವುದು. ಮಕ್ಕಳು ಪ್ರಾಯಕ್ಕೆ ಬರುವ ಸಮಯದಲ್ಲಿ ಶರೀರದಲ್ಲಿ ಆಂಡ್ರೋಜನ್ ಎಂಬ ಹಾರ್ಮೋನುಗಳು ಹೆಚ್ಚುತ್ತವೆ. ಇದು ಗಂಡಸರ ಹಾರ್ಮೋನ್ ಅಂತ ಹೆಸರು ಪಡೆದಿದ್ದರೂ ಹೆಣ್ಣುಮಕ್ಕಳಲ್ಲೂ ಸ್ವಲ್ಪ ಪ್ರಮಾಣದಲ್ಲಿ ಇದ್ದೇ ಇದೆ. ಈ ಹಾರ್ಮೋನಿನ ಅಪ್ಪಣೆಗೆ ಎಣ್ಣೆ ಗ್ರಂಥಿ ದೊಡ್ಡದಾಗ್ತದೆ, ಜಿಡ್ಡು ಜಾಸ್ತಿ ಸುರಿಸ್ತದೆ. ಹುಡುಗಿಯರಿಗೆ ಮೊಡವೆ ಸ್ವಲ್ಪ ಬೇಗ ಶುರುವಾಗುವುದೂ ಹುಡುಗರಲ್ಲಿ ಸ್ವಲ್ಪ ಜೋರಾಗಿ ಕಾಣುವುದೂ ಇದರಿಂದ.

ಎರಡನೆಯದು, ಬಾಯಿ ಕಟ್ಟುವುದು. ಕೊಳವೆಯ ಒಳಗೋಡೆಯಲ್ಲಿ ಸತ್ತ ಕೋಶಗಳು ದಿನಾ ಉದುರಿ ಎಣ್ಣೆಯ ಜೊತೆ ಹೊರಗೆ ಹೋಗ್ತವೆ. ಮೊಡವೆ ಬರುವ ಚರ್ಮದಲ್ಲಿ ಈ ಕೋಶಗಳು ಹೆಚ್ಚು ಹುಟ್ಟಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಣ್ಣೆ ಮತ್ತು ಕೋಶ ಸೇರಿ ಬಿರಡೆಯ ಹಾಗೆ ಕೊಳವೆಯ ಬಾಯಿ ಮುಚ್ಚುತ್ತದೆ. ಈ ಹಂತದಲ್ಲಿ ಹೊರಗಿನಿಂದ ಏನೂ ಕಾಣುವುದಿಲ್ಲ. ಕಣ್ಣಿಗೆ ಕಾಣುವ ಮೊಡವೆ ಆಗಲು ಹಲವು ವಾರ, ಕೆಲವೊಮ್ಮೆ ಎರಡು ತಿಂಗಳು ಬೇಕು. ಅಂದರೆ ಪೆರ್ನಾಳ್ ದಿನ ಬೆಳಿಗ್ಗೆ ಎದ್ದ ಮೊಡವೆ ಹಿಂದಿನ ರಾತ್ರಿಯ ತಿಂಡಿಯಿಂದ ಹುಟ್ಟಿದ್ದಲ್ಲ, ರಮಝಾನಿಗಿಂತ ಮೊದಲೇ ಅದರ ಕೆಲಸ ಶುರುವಾಗಿರಬಹುದು.

ಮೂರನೆಯದು, ಬ್ಯಾಕ್ಟೀರಿಯಾ. ಕ್ಯುಟಿಬ್ಯಾಕ್ಟೀರಿಯಂ ಆಕ್ನೆಸ್ ಎಂಬ ಜೀವಿ ನಮ್ಮೆಲ್ಲರ ಚರ್ಮದಲ್ಲಿ ಇದೆ, ಮೊಡವೆ ಇಲ್ಲದವರಲ್ಲೂ ಇದೆ. ಗಾಳಿ ಕಡಿಮೆ ಇರುವ, ಎಣ್ಣೆ ತುಂಬಿದ ಜಾಗ ಅದಕ್ಕೆ ಇಷ್ಟ. ಬಾಯಿ ಮುಚ್ಚಿದ ಕೊಳವೆ ಅದಕ್ಕೆ ಸರಿಯಾದ ಮನೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗ ಅಲ್ಲ. ಮೊಡವೆ ಇರುವವರ ಟವೆಲ್ ಮುಟ್ಟಿದ್ರೆ ಮೊಡವೆ ಬರುವುದಿಲ್ಲ.

ನಾಲ್ಕನೆಯದು, ಉರಿಯೂತ. ಶರೀರದ ರಕ್ಷಣಾ ಪಡೆ ಆ ಜಾಗಕ್ಕೆ ಧಾವಿಸುತ್ತದೆ. ರಕ್ತ ಹೆಚ್ಚು ಹರಿದು ಕೆಂಪಾಗ್ತದೆ, ಬಾತುಕೊಳ್ತದೆ, ನೋಯ್ತದೆ, ಕೀವು ತುಂಬ್ತದೆ. ಕೊಳವೆಯ ಗೋಡೆ ಒಳಗಡೆಯೇ ಒಡೆದರೆ ಉರಿ ಸುತ್ತಲೂ ಹರಡಿ ದೊಡ್ಡ ಗಂಟಾಗ್ತದೆ. ಕಲೆ ಮತ್ತು ಗುಳಿ ಉಳಿಯುವುದು ಹೆಚ್ಚಾಗಿ ಇಂಥ ಆಳದ ಗಂಟುಗಳಿಂದ.

ಕಪ್ಪು ಚುಕ್ಕೆ ಕೊಳೆಯಲ್ಲ

ಮೂಗಿನ ಮೇಲೆ ಕಾಣುವ ಕಪ್ಪು ಚುಕ್ಕೆಯನ್ನು ನೋಡಿ ಕೊಳೆ ಅಂತ ತಿಳಿದು ಗಸಗಸ ಉಜ್ಜುವವರು ಬಹಳ. ಅದು ಬಾಯಿ ತೆರೆದಿರುವ ಬಿರಡೆ. ಅದರಲ್ಲಿರುವ ಮೆಲನಿನ್ ಎಂಬ ಬಣ್ಣದ ವಸ್ತು ಮತ್ತು ಗಾಳಿ ತಾಗಿ ಬದಲಾದ ಎಣ್ಣೆಯಿಂದ ಅದು ಕಪ್ಪಾಗಿ ಕಾಣ್ತದೆ. ಬಾಯಿ ಮುಚ್ಚಿದ್ದರೆ ಅದೇ ಬಿರಡೆ ಬಿಳಿ ಗುಳ್ಳೆಯಾಗಿ ಕಾಣ್ತದೆ. ಎರಡಕ್ಕೂ ಸಾಬೂನಿಗೂ ಸಂಬಂಧ ಇಲ್ಲ, ಯಾಕೆಂದರೆ ಬಿರಡೆ ಇರುವುದು ಚರ್ಮದ ಒಳಗೆ.

ದಿನಕ್ಕೆ ಐದು ಹೊತ್ತು ವುಝೂ ಮಾಡುವವರ ಮುಖ ಐದು ಸಲ ನೀರು ಕಾಣ್ತದೆ. ಅಂಥವರಿಗೂ ಮೊಡವೆ ಬರ್ತದೆ. 'ಇಷ್ಟು ತೊಳೆದ್ರೂ ಯಾಕೆ?' ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಉಂಟು: ತೊಳೆಯುವುದು ಮೇಲ್ಮೈಯನ್ನು, ಮೊಡವೆ ಹುಟ್ಟುವುದು ಒಳಗೆ. ವುಝೂವಿನ ನೀರಿನಿಂದ ಮೊಡವೆಗೆ ಕೆಡುಕಿಲ್ಲ. ಆದರೆ ಪ್ರತಿ ಸಲವೂ ಸಾಬೂನು ಹಚ್ಚಿದರೆ ಚರ್ಮ ಒಣಗಿ, ಉರಿದು, ಮೊಡವೆಯ ಸಿಟ್ಟು ಹೆಚ್ಚಾಗ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಸೌಮ್ಯವಾದ ಫೇಸ್‌ವಾಶ್ ಸಾಕು. ಉಳಿದ ಹೊತ್ತು ಬರೀ ನೀರು. ಟವೆಲಿನಲ್ಲಿ ಉಜ್ಜದೆ ಒತ್ತಿ ಒರೆಸಿದರೆ ಒಳ್ಳೆಯದು. ಲಿಂಬೆರಸ, ಟೂತ್‌ಪೇಸ್ಟ್, ಸಕ್ಕರೆಯ ಸ್ಕ್ರಬ್ ಯಾವುದೂ ಬೇಡ.

ಹಾಗಾದರೆ ಕೆಲವರಿಗೆ ಮಾತ್ರ ಯಾಕೆ?

ಹದಿಹರೆಯದಲ್ಲಿ ಬಹುತೇಕ ಎಲ್ಲರಿಗೂ ಒಂದಲ್ಲ ಒಂದು ಹಂತದಲ್ಲಿ ಮೊಡವೆ ಬರ್ತದೆ. ಯಾರಿಗೆ ಜೋರಾಗಿ ಬರ್ತದೆ ಎಂಬುದರಲ್ಲಿ ದೊಡ್ಡ ಪಾಲು ವಂಶದ್ದು. ಬ್ರಿಟನ್ನಿನಲ್ಲಿ ಅವಳಿ ಸಹೋದರಿಯರ ಮೇಲೆ ನಡೆಸಿ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊಡವೆಯ ವ್ಯತ್ಯಾಸದಲ್ಲಿ ಶೇ. 81ರಷ್ಟು ವಂಶವಾಹಿಯ ಲೆಕ್ಕಕ್ಕೆ ಹೋಗ್ತದೆ ಅಂತ ಕಂಡುಬಂತು. ತಂದೆ ತಾಯಿಗೆ ಜೋರಾಗಿ ಇದ್ದಿದ್ದರೆ ಮಕ್ಕಳಿಗೂ ಬರುವ ಸಾಧ್ಯತೆ ಹೆಚ್ಚು. ಅದು ಮಗಳ ತಪ್ಪೂ ಅಲ್ಲ, ಮಗನ ಸೋಮಾರಿತನವೂ ಅಲ್ಲ.

ಆಹಾರದ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಬೈಗುಳ ತಿನ್ನುವುದು ಎಣ್ಣೆ ತಿಂಡಿ. ಆದರೆ ತಿಂದ ಎಣ್ಣೆ ಹಾಗೇ ಮುಖದಲ್ಲಿ ಹೊರಗೆ ಬರುವುದಿಲ್ಲ. ಸಂಶೋಧನೆಗಳು ಹೆಚ್ಚು ಬೆರಳು ತೋರಿಸುವುದು ಸಕ್ಕರೆ ಮತ್ತು ಮೈದಾದ ಕಡೆಗೆ. ಶರಬತ್ತು, ಕೂಲ್‌ಡ್ರಿಂಕ್ಸ್, ಬೇಕರಿ ತಿಂಡಿಗಳು ರಕ್ತದಲ್ಲಿ ಸಕ್ಕರೆಯನ್ನು ಒಮ್ಮೆಲೇ ಏರಿಸ್ತವೆ. ಅದನ್ನು ಇಳಿಸಲು ಇನ್ಸುಲಿನ್ ಏರ್ತದೆ, ಇನ್ಸುಲಿನ್ ಏರಿದರೆ ಎಣ್ಣೆ ಗ್ರಂಥಿಗೂ ಕೆಲಸ ಹೆಚ್ಚಾಗ್ತದೆ. 2007ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಒಂದು ಪ್ರಯೋಗದಲ್ಲಿ 15ರಿಂದ 25 ವರ್ಷದ 43 ಯುವಕರು ಭಾಗವಹಿಸಿದ್ದರು. ಸಕ್ಕರೆ ನಿಧಾನವಾಗಿ ಏರಿಸುವ ಆಹಾರ ತಿಂದವರ ಮೊಡವೆ 12 ವಾರಗಳಲ್ಲಿ ಉಳಿದವರಿಗಿಂತ ಹೆಚ್ಚು ಕಡಿಮೆಯಾಯಿತು. ಪಪುವಾ ನ್ಯೂಗಿನಿಯ ಕಿಟಾವ ದ್ವೀಪದಲ್ಲಿ 1,200 ಮಂದಿಯನ್ನು ಪರೀಕ್ಷಿಸಿದ ವೈದ್ಯರಿಗೆ ಒಂದೇ ಒಂದು ಮೊಡವೆ ಸಿಕ್ಕಿರಲಿಲ್ಲ. ಅಲ್ಲಿನವರ ಊಟ ಗೆಣಸು, ಹಣ್ಣು, ಮೀನು, ತೆಂಗಿನಕಾಯಿ. ಇದರಲ್ಲಿ ವಂಶದ ಪಾಲೂ ಇರಬಹುದು, ಆದರೆ ಆಹಾರದ ಬಗ್ಗೆ ಯೋಚಿಸುವಂತೆ ಮಾಡುವ ಸಂಗತಿ ಹೌದು. ಇಫ್ತಾರ್ ಮೇಜಿನಲ್ಲಿ ಸಮೋಸಕ್ಕಿಂತ ಬಣ್ಣದ ಶರಬತ್ತನ್ನು ಕಡಿಮೆ ಮಾಡಿದರೆ ಮುಖಕ್ಕೂ ಶುಗರಿಗೂ ಲಾಭ.

ಹಾಲಿಗೂ ಮೊಡವೆಗೂ ಸ್ವಲ್ಪ ನಂಟು ಕಂಡುಬಂದಿದೆ. ಹಾಲು ನಿಲ್ಲಿಸಿ ಅಂತ ಇದರ ಅರ್ಥ ಅಲ್ಲ. ಆದರೆ ಜಿಮ್ಮಿಗೆ ಹೋಗುವ ಹುಡುಗರು ಹಾಲಿನಿಂದ ತಯಾರಾದ ವೇ ಪ್ರೋಟೀನ್ ಪುಡಿ ಶುರು ಮಾಡಿದ ಬಳಿಕ ಮೊಡವೆ ಎದ್ದಿದ್ದರೆ ಅದನ್ನು ಬಿಟ್ಟು ನೋಡಬಹುದು. ಬಾಡಿ ಬರಲಿ ಅಂತ ಕೊಡುವ ಇಂಜೆಕ್ಷನ್, ಮಾತ್ರೆಗಳಲ್ಲಿ ಹಾರ್ಮೋನ್ ಇದ್ದರೆ ಬೆನ್ನು ಎದೆಯ ತುಂಬ ಮೊಡವೆ ಬರ್ತದೆ. ಅದರ ಅಪಾಯ ಮೊಡವೆಯಲ್ಲಿ ನಿಲ್ಲುವುದಿಲ್ಲ, ಹೃದಯ ಮತ್ತು ಲಿವರಿಗೂ ಹೋಗ್ತದೆ.

ಹಣೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ತುಂಬಿದ್ದರೆ ತಲೆಗೆ ಹಚ್ಚುವ ಎಣ್ಣೆ ಕಾರಣ ಇರಬಹುದು. ಕರಾವಳಿಯಲ್ಲಿ ತೆಂಗಿನೆಣ್ಣೆ ಬಿಡಿ ಅಂದ್ರೆ ಯಾರೂ ಕೇಳುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಹಣೆಗೆ ಇಳಿಯದಂತೆ ಹಚ್ಚಿ, ಮುಖಕ್ಕೆ ಮಾತ್ರ ಹಚ್ಚಬೇಡಿ. ಸೆಕೆಯಲ್ಲಿ ಬೆವರು ಹಿಡಿದ ಹೆಲ್ಮೆಟ್ ಪಟ್ಟಿ, ಬಿಗಿಯಾದ ಸ್ಕಾರ್ಫ್, ಮಾಸ್ಕ್ ಉಜ್ಜುವ ಜಾಗದಲ್ಲೂ ಮೊಡವೆ ಏಳ್ತದೆ. ಸ್ಕಾರ್ಫಿಗೆ ಹತ್ತಿ ಬಟ್ಟೆ ಆರಿಸಿ ದಿನಾ ಒಗೆದದ್ದನ್ನು ಧರಿಸಿದರೆ ಅಷ್ಟೇ ಸಾಕು.

ಹೆಣ್ಣುಮಕ್ಕಳಲ್ಲಿ ಮುಟ್ಟಿನ ಮೊದಲು ಮೊಡವೆ ಹೆಚ್ಚುವುದು ಸಾಮಾನ್ಯ. ಆದರೆ ಮುಟ್ಟು ತಿಂಗಳುಗಟ್ಟಲೆ ತಪ್ಪುವುದು, ಗಲ್ಲ ಮತ್ತು ಮೇಲ್ತುಟಿಯಲ್ಲಿ ದಪ್ಪ ಕೂದಲು, ತೂಕ ಏರುವುದು ಇವೆಲ್ಲ ಮೊಡವೆಯ ಜೊತೆ ಇದ್ದರೆ ಪಿಸಿಓಎಸ್ ಇರಬಹುದು. ಆಗ ಮುಖಕ್ಕೆ ಎಂತ ಹಚ್ಚಿದ್ರೂ ಪೂರ್ತಿ ಗುಣ ಆಗುವುದಿಲ್ಲ. ಸ್ತ್ರೀರೋಗ ವೈದ್ಯರನ್ನು ಕಾಣಬೇಕು. ಮದುವೆಯಾಗದ ಹುಡುಗಿಯನ್ನು ಆ ಡಾಕ್ಟರ ಹತ್ತಿರ ಕರ್ಕೊಂಡು ಹೋದ್ರೆ ಜನ ಏನು ಹೇಳ್ತಾರೆ ಎಂಬ ಹೆದರಿಕೆಯಿಂದ ವರ್ಷಗಟ್ಟಲೆ ಮುಚ್ಚಿಡುವುದು ಆ ಹುಡುಗಿಗೆ ಮಾಡುವ ಅನ್ಯಾಯ.

ಒಂದು ವಾರದಲ್ಲಿ ಗುಣ ಮಾಡುವ ಕ್ರೀಮಿನ ಗುಟ್ಟು

ಮೊಡವೆ ಹುಟ್ಟಲು ವಾರಗಳು ಬೇಕು ಎಂದ ಮೇಲೆ ಅದನ್ನು ಒಂದೇ ವಾರದಲ್ಲಿ ಮಾಯ ಮಾಡುವ ಕ್ರೀಮಿನಲ್ಲಿ ಏನಿರ್ತದೆ? ಹೆಚ್ಚಾಗಿ ಎರಡರಲ್ಲಿ ಒಂದು: ಸ್ಟೀರಾಯ್ಡ್ ಅಥವಾ ಪಾದರಸ.

ಸ್ಟೀರಾಯ್ಡ್ ಮೇಲೆ ಹೇಳಿದ ನಾಲ್ಕನೆಯ ಕೆಲಸವನ್ನು, ಅಂದರೆ ಉರಿಯೂತವನ್ನು, ಒಮ್ಮೆಲೇ ಅದುಮಿ ಹಿಡಿಯುತ್ತದೆ. ರಕ್ತನಾಳಗಳು ಸಂಕುಚಿಸಿ ಮುಖ ಬೆಳ್ಳಗೆ ಕಾಣ್ತದೆ. ಆದರೆ ಬಿರಡೆ ಅಲ್ಲೇ ಉಂಟು, ಎಣ್ಣೆ ಅಲ್ಲೇ ಉಂಟು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳ್ಳಗಾಗ್ತದೆ, ಕೆಂಪು ನರಗಳು ಕಾಣ್ತವೆ, ಮುಖದಲ್ಲಿ ಕೂದಲು ಬೆಳೀತದೆ, ಬಿಸಿಲಿಗೆ ಹೋದ್ರೆ ಉರೀತದೆ, ಒಂದೇ ಅಳತೆಯ ಹೊಸ ಮೊಡವೆಗಳು ಸಾಲಾಗಿ ಏಳ್ತವೆ. ನಿಲ್ಲಿಸಿದ ಕೂಡಲೇ ಎಲ್ಲವೂ ಇಮ್ಮಡಿಯಾಗಿ ಮರಳ್ತದೆ. ಹೆದರಿ ಮತ್ತೆ ಅದೇ ಕ್ರೀಮ್ ಹಚ್ಚುತ್ತಾರೆ. ಭಾರತದ 12 ಕೇಂದ್ರಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮುಖದ ಚರ್ಮದ ತೊಂದರೆಗೆ ಬಂದ 2,926 ರೋಗಿಗಳಲ್ಲಿ 433 ಮಂದಿ ಸ್ಟೀರಾಯ್ಡ್ ಕ್ರೀಮ್ ಬಳಸುತ್ತಿದ್ದರು. 2018ರಲ್ಲಿ ಕೇಂದ್ರ ಸರಕಾರ ಇಂಥ 14 ಬಗೆಯ ಸ್ಟೀರಾಯ್ಡ್ ಕ್ರೀಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು.

ಪಾದರಸದ ಕತೆ ಇನ್ನೂ ಗಂಭೀರ. ಚರ್ಮದ ಬಣ್ಣ ತಯಾರಾಗುವುದನ್ನು ಅದು ತಡೆಯುತ್ತದೆ, ಹಾಗಾಗಿ ಮುಖ ಬಿಳಿಯಾಗ್ತದೆ. ಆದರೆ ಚರ್ಮದ ಮೂಲಕ ರಕ್ತಕ್ಕೆ ಇಳಿದು ಕಿಡ್ನಿ ಸೇರ್ತದೆ. ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು 2021ರ ಜುಲೈಯಿಂದ 2023ರ ಸೆಪ್ಟೆಂಬರ್‌ವರೆಗೆ ಮೂತ್ರದಲ್ಲಿ ಪ್ರೋಟೀನ್ ಸೋರುವ ಒಂದು ಬಗೆಯ ಕಿಡ್ನಿ ಕಾಯಿಲೆಯ 22 ರೋಗಿಗಳನ್ನು ನೋಡಿದರು. ಅವರಲ್ಲಿ 15 ಮಂದಿಗೆ ಇದ್ದದ್ದು ಅಪರೂಪದ ಒಂದೇ ವಿಧ. ಆ 15ರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಬಳಸಿದ್ದನ್ನು ಒಪ್ಪಿಕೊಂಡರು. ಹೆಚ್ಚಿನವರು ಕ್ರೀಮ್ ನಿಲ್ಲಿಸಿದ ಬಳಿಕ ಗುಣಮುಖರಾದರು ಎಂಬುದೊಂದೇ ಸಮಾಧಾನ. ಕೇರಳದ ಔಷಧ ನಿಯಂತ್ರಣ ಇಲಾಖೆ 'ಆಪರೇಷನ್ ಸೌಂದರ್ಯ' ಎಂಬ ಹೆಸರಿನಲ್ಲಿ ಅಂಗಡಿಗಳ ತಪಾಸಣೆ ನಡೆಸಿತು.

ಡಬ್ಬಿ ತಿರುಗಿಸಿ ಓದಿ

ಒಂದು ಕೆಜಿ ಅಕ್ಕಿ ತೆಗೆದುಕೊಳ್ಳುವಾಗಲೂ ನಾವು ರೇಟು, ತೂಕ ನೋಡ್ತೇವೆ. ಮುಖಕ್ಕೆ ಹಚ್ಚುವ ಡಬ್ಬಿಗೆ ಕನಿಷ್ಠ ಅಷ್ಟು ಪರೀಕ್ಷೆ ಬೇಡವೇ?

ತಯಾರಕರ ಪೂರ್ತಿ ವಿಳಾಸ, ಬ್ಯಾಚ್ ನಂಬರ್, ತಯಾರಿ ಮತ್ತು ಅವಧಿ ಮುಗಿಯುವ ದಿನಾಂಕ, ಒಳಗೆ ಏನೇನು ಹಾಕಿದ್ದಾರೆ ಎಂಬ ಪಟ್ಟಿ ಇರಬೇಕು. ಹೊರದೇಶದ ಸೌಂದರ್ಯವರ್ಧಕವನ್ನು ಇಲ್ಲಿ ಮಾರಬೇಕಾದರೆ ಅದು ಭಾರತದಲ್ಲಿ ನೋಂದಣಿ ಆಗಿರಬೇಕು, ನೋಂದಣಿ ಸಂಖ್ಯೆ ಮತ್ತು ತರಿಸಿದವರ ವಿಳಾಸ ಡಬ್ಬಿಯ ಮೇಲೆ ಇರಬೇಕು. ಇದ್ಯಾವುದೂ ಇಲ್ಲದಿದ್ದರೆ ಕಡಿಮೆ ಬೆಲೆಗೆ ಸಿಕ್ಕಿದರೂ ಅದು ನಷ್ಟದ ವ್ಯಾಪಾರ.

ಪಟ್ಟಿಯಲ್ಲಿ ಬೀಟಾಮೆಥಾಸೋನ್, ಕ್ಲೋಬೆಟಾಸೋಲ್, ಮೊಮೆಟಾಸೋನ್, ಫ್ಲುಓಸಿನೊಲೋನ್ ಎಂಬ ಹೆಸರು ಕಂಡರೆ ಅದು ಸ್ಟೀರಾಯ್ಡ್. ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್ ಎಂದಿದ್ದರೆ ಪಾದರಸ. ಕೆಲವರು ಹೆಸರು ಬರೆಯುವುದೇ ಇಲ್ಲ, ಬದಲಿಗೆ ಚಿನ್ನ ಬೆಳ್ಳಿಯ ಆಭರಣಕ್ಕೆ ತಾಗಿಸಬೇಡಿ ಎಂಬ ಎಚ್ಚರಿಕೆ ಮಾತ್ರ ಇರುತ್ತದೆ. ಅದೂ ಪಾದರಸದ ಸುಳಿವು. ಚಿನ್ನಕ್ಕೆ ತಾಗಬಾರದ್ದು ಮಗಳ ಮುಖಕ್ಕೆ ತಾಗಬಹುದೇ?

ಈಗಾಗಲೇ ಇಂಥ ಕ್ರೀಮ್ ಬಳಸುತ್ತಿರುವವರು ಡಬ್ಬಿಯನ್ನು ಕೈಯಲ್ಲಿ ಹಿಡಿದೇ ಚರ್ಮದ ಡಾಕ್ಟರ ಹತ್ತಿರ ಹೋಗಿ. ನಾಚಿಕೆ ಬೇಡ. ಕಾಲು, ಕಣ್ಣಿನ ಸುತ್ತ ಊತ ಅಥವಾ ಮೂತ್ರದಲ್ಲಿ ನೊರೆ ಕಂಡರೆ ತಡ ಮಾಡಬೇಡಿ.

ಸರಿಯಾದ ಚಿಕಿತ್ಸೆ ನಿಧಾನ, ಆದರೆ ಉಂಟು

ಒಳ್ಳೆಯ ಸುದ್ದಿ ಏನೆಂದರೆ ಮೊಡವೆಗೆ ನಿಜವಾದ ಮದ್ದು ಇದೆ, ಸಣ್ಣ ಮಟ್ಟದ ಮೊಡವೆಗೆ ಅದು ದುಬಾರಿಯೂ ಅಲ್ಲ. ಅಡಪಲೀನ್ ಎಂಬ ಜೆಲ್ ಬಿರಡೆ ಕಟ್ಟುವುದನ್ನು ತಡೆಯುತ್ತದೆ. ಬೆಂಝಾಯಿಲ್ ಪೆರಾಕ್ಸೈಡ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಎದ್ದ ಮೊಡವೆಯ ಮೇಲೆ ಮಾತ್ರ ಬೊಟ್ಟಿಡುವುದಲ್ಲ, ಮೊಡವೆ ಬರುವ ಇಡೀ ಜಾಗಕ್ಕೆ ತೆಳ್ಳಗೆ ಹಚ್ಚಬೇಕು. ಯಾಕೆಂದರೆ ಮುಂದಿನ ತಿಂಗಳ ಮೊಡವೆ ಈಗಲೇ ಅಲ್ಲಿ ಕಾಣದಂತೆ ಕುಳಿತಿದೆ. ಇಶಾ ನಮಾಝಿನ ಬಳಿಕ ಹಚ್ಚಿದರೆ ಫಜ್ರ್ ವುಝೂವರೆಗೆ ಮದ್ದಿಗೆ ಕೆಲಸ ಮಾಡಲು ಸಮಯ ಸಿಗ್ತದೆ. ಬೆಂಝಾಯಿಲ್ ಪೆರಾಕ್ಸೈಡ್ ತಾಗಿದರೆ ಬಣ್ಣದ ಬಟ್ಟೆ ಬಿಳಿಚಿಕೊಳ್ಳುತ್ತದೆ, ಬಿಳಿ ದಿಂಬಿನ ಹೊದಿಕೆ ಇಟ್ಟುಕೊಳ್ಳಿ.

ಫಲ ಕಾಣಲು 8ರಿಂದ 12 ವಾರ ಬೇಕು. ಮೊದಲ ಒಂದೆರಡು ವಾರ ಚರ್ಮ ಒಣಗಿ ಸಿಪ್ಪೆ ಏಳಬಹುದು. ಹೆಚ್ಚಿನವರು ಮದ್ದು ಬಿಡುವುದು ಆಗಲೇ. ಸ್ವಲ್ಪ ಸಬ್ರ್ ಬೇಕಾಗುವುದೂ ಆಗಲೇ. ಉರಿ ಜಾಸ್ತಿ ಆದರೆ ದಿನ ಬಿಟ್ಟು ದಿನ ಹಚ್ಚಿ ಅಂತ ಡಾಕ್ಟರೇ ಹೇಳ್ತಾರೆ.

ಆಂಟಿಬಯಾಟಿಕ್ ಕ್ರೀಮ್ ಒಂದನ್ನೇ ತಿಂಗಳುಗಟ್ಟಲೆ ಹಚ್ಚಿದರೆ ಬ್ಯಾಕ್ಟೀರಿಯಾ ಅದಕ್ಕೆ ಬಗ್ಗದಂತಾಗ್ತದೆ. ಜೋರಾದ ಗಂಟು ಮೊಡವೆಗೆ ಐಸೊಟ್ರೆಟಿನಾಯಿನ್ ಎಂಬ ಕ್ಯಾಪ್ಸುಲ್ ಉಂಟು. ಬಹಳ ಪರಿಣಾಮಕಾರಿ, ಆದರೆ ಗರ್ಭಿಣಿ ಸೇವಿಸಿದರೆ ಹೊಟ್ಟೆಯಲ್ಲಿರುವ ಮಗುವಿಗೆ ಗಂಭೀರ ಅಂಗವೈಕಲ್ಯ ಬರಬಹುದು. ಮದುವೆ ನಿಶ್ಚಯವಾದ ಹುಡುಗಿಯರು, ಮದುವೆಯಾದವರು ಡಾಕ್ಟರಿಗೆ ಇದನ್ನು ಮೊದಲೇ ಹೇಳಲೇಬೇಕು. ಅಡಪಲೀನ್ ಸಹ ಗರ್ಭಿಣಿಯರಿಗೆ ಬೇಡ. ಕ್ಯಾಪ್ಸುಲಿನ ಹೊರಪದರದ ಜೆಲಾಟಿನ್ ಹಲಾಲ್ ಹೌದೋ ಅಲ್ಲವೋ ಎಂಬ ಸಂಶಯ ಇರುವವರು ಶುರು ಮಾಡುವ ಮೊದಲೇ ಡಾಕ್ಟರ್ ಮತ್ತು ಉಲಮಾಗಳಲ್ಲಿ ಕೇಳಿಕೊಳ್ಳಿ, ಅರ್ಧದಲ್ಲಿ ಬಿಡಬೇಡಿ.

ಮೊಡವೆಯನ್ನು ಹಿಸುಕುವ ಚಾಳಿ ಬಿಡಿ. ಹಿಸುಕಿದಾಗ ಅರ್ಧ ಹೊರಗೆ ಬಂದರೆ ಇನ್ನರ್ಧ ಒಳಗೆ ಒಡೆಯುತ್ತದೆ. ನಮ್ಮಂಥ ಗೋಧಿ, ಕಪ್ಪು ಬಣ್ಣದ ಚರ್ಮದಲ್ಲಿ ಉರಿಯ ಬಳಿಕ ಕಪ್ಪು ಕಲೆ ಉಳಿಯುವುದು ಹೆಚ್ಚು. ಕಲೆ ತಿಂಗಳುಗಳಲ್ಲಿ ತಾನಾಗಿ ಮಾಸ್ತದೆ, ಬಿಸಿಲಿನಿಂದ ಕಾಪಾಡಿದರೆ ಬೇಗ ಮಾಸ್ತದೆ. ಗುಳಿ ಬಿದ್ದರೆ ಮಾತ್ರ ಮಾಸುವುದಿಲ್ಲ. ಆದ್ದರಿಂದ ನೋಯುವ ಗಂಟುಗಳಿದ್ದರೆ, ಗುಳಿ ಬೀಳಲು ಶುರುವಾಗಿದ್ದರೆ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ಮಂಗಳೂರಿನ ವೆನ್ಲಾಕ್, ದೇರಳಕಟ್ಟೆಯ ವೈದ್ಯಕೀಯ ಕಾಲೇಜು ಆಸ್ಪತ್ರೆಗಳು ಗಡಿಯ ಈಚೆಯವರಿಗೂ ದೂರವಲ್ಲ.

ಕೊನೆಗೆ ಮನೆಯವರಿಗೆ ಒಂದು ಮಾತು. ಮಕ್ಕಳು ದಿನಕ್ಕೆ ಹತ್ತು ಸಲ ಕನ್ನಡಿ ನೋಡ್ತಾರೆ, ಅವರ ಮುಖದಲ್ಲಿ ಏನಿದೆ ಅಂತ ಅವರಿಗೆ ಗೊತ್ತು. ಮದುವೆ ಮನೆಯಲ್ಲಿ, ಕುಟುಂಬದವರೆದುರು 'ಇದೆಂಥ ಮುಖ ಹೀಗಾಗಿದೆ?' ಅಂತ ಕೇಳುವ ಒಂದೊಂದು ಮಾತೂ ಅವರನ್ನು ಆ ಒಂದು ವಾರದ ಡಬ್ಬಿಯ ಕಡೆಗೆ ತಳ್ಳುತ್ತದೆ. ಹೆಣ್ಣು ನೋಡಲು ಬರುವವರು ಬಿಳುಪು ಕೇಳುವುದನ್ನು ನಿಲ್ಲಿಸಿದ ದಿನ ಆ ಡಬ್ಬಿಯ ವ್ಯಾಪಾರವೂ ತಾನಾಗಿಯೇ ನಿಲ್ಲುತ್ತದೆ. ಅಲ್ಲಿಯವರೆಗೆ ಕನಿಷ್ಠ ನಮ್ಮ ಮನೆಯ ಮಕ್ಕಳಿಗಾದರೂ ಹೇಳೋಣ: ಮೊಡವೆ ಪ್ರಾಯದ ಲಕ್ಷಣ, ಕೊಳೆಯ ಲಕ್ಷಣ ಅಲ್ಲ. ಮೂರು ತಿಂಗಳು ಕಾಯುವ ಮದ್ದು ಹಚ್ಚಿ, ಕಿಡ್ನಿ ಕೇಳುವ ಮದ್ದು ಬೇಡ.